ಲಾರಿ ಕಾಯುವ ಜಾಗದಲ್ಲಿ ಕರೆಂಟು ಕೊಡಿ: ಇಬ್ಬರು ಸಚಿವರಿಗೆ ಹಾಸನದ ಲಾರಿ ಮಾಲೀಕನ ಬಹಿರಂಗ ಪತ್ರ

ಕೇಂದ್ರದ ಬೃಹತ್ ಕೈಗಾರಿಕೆ ಮತ್ತು ಉಕ್ಕು ಸಚಿವರಿಗೆ ಹಾಗೂ ಕರ್ನಾಟಕದ ಸಾರಿಗೆ ಸಚಿವರಿಗೆ,

ಮಾನ್ಯರೇ,

ನಾನು ಹಾಸನದವನು. ಹದಿನೇಳು ವರ್ಷ ಬೇರೆಯವರ ಲಾರಿ ಓಡಿಸಿದೆ. ಆಮೇಲೆ ಸಾಲ ಮಾಡಿ ಸ್ವಂತದ್ದೊಂದನ್ನು ಕೊಂಡೆ. ಈಗ ಹತ್ತು ಚಕ್ರದ ಎರಡು ಲಾರಿಗಳಿವೆ. ಒಂದಕ್ಕೆ ಚಾಲಕರೊಬ್ಬರಿದ್ದಾರೆ, ಇನ್ನೊಂದರ ಸ್ಟೇರಿಂಗ್ ಈಗಲೂ ನನ್ನ ಕೈಯಲ್ಲೇ ಇದೆ. ಮಂಗಳೂರಿನ ಪಣಂಬೂರು ಬಂದರಿನಿಂದ ರಸಗೊಬ್ಬರವನ್ನು ಶಿರಾಡಿ ಘಾಟಿ ಹತ್ತಿಸಿ ತರುತ್ತೇವೆ. ಕಾಫಿ, ಮೆಕ್ಕೆಜೋಳ, ಕಾಲ ಬಂದಾಗ ಆಲೂಗೆಡ್ಡೆ ಹೇರಿಕೊಂಡು ಘಟ್ಟ ಇಳಿಯುತ್ತೇವೆ, ಇಲ್ಲವೇ ಬೆಂಗಳೂರಿನ ದಾರಿ ಹಿಡಿಯುತ್ತೇವೆ. ನಮ್ಮ ಊರಿನಿಂದ ಪಣಂಬೂರಿಗೂ ಬೆಂಗಳೂರಿಗೂ ಹೆಚ್ಚುಕಡಿಮೆ ಒಂದೇ ದೂರ, 180 ಕಿಲೋಮೀಟರ್ ಆಸುಪಾಸು. ಈ ದೂರವನ್ನು ತಾವು ನೆನಪಿಟ್ಟುಕೊಳ್ಳಬೇಕೆಂದು ಕೋರುತ್ತೇನೆ, ನಾನು ಹೇಳಹೊರಟಿರುವ ಮಾತೆಲ್ಲ ಅದರ ಮೇಲೆಯೇ ನಿಂತಿದೆ.

2025ರ ಜುಲೈ 11ರಂದು ಕೇಂದ್ರ ಸಚಿವರಾದ ಎಚ್.ಡಿ. ಕುಮಾರಸ್ವಾಮಿ ಅವರು ಪಿಎಂ ಇ-ಡ್ರೈವ್ ಯೋಜನೆಯಡಿ ಎಲೆಕ್ಟ್ರಿಕ್ ಲಾರಿಗಳಿಗೆ ಪ್ರೋತ್ಸಾಹಧನ ಪ್ರಕಟಿಸಿದರು. ಲಾರಿಯೊಂದಕ್ಕೆ ಗರಿಷ್ಠ 9.6 ಲಕ್ಷ ರೂಪಾಯಿ, ದೇಶದಲ್ಲಿ ಸುಮಾರು 5,600 ಲಾರಿಗಳಿಗೆ. ದೊಡ್ಡ ಲಾರಿಗಳಿಗೆ ಕೇಂದ್ರ ಸರ್ಕಾರ ಇಂಥ ನೆರವು ಕೊಟ್ಟದ್ದು ಅದೇ ಮೊದಲು. ಕಾರು, ಬಸ್ಸು, ಆಟೊಗಳ ನಂತರವಾದರೂ ನಮ್ಮ ನೆನಪಾಯಿತಲ್ಲ ಎಂದು ನನಗೆ ನಿಜಕ್ಕೂ ಸಂತೋಷವಾಯಿತು. ದೇಶದ ವಾಹನಗಳಲ್ಲಿ ಲಾರಿಗಳ ಪಾಲು ನೂರಕ್ಕೆ ಮೂರು ಮಾತ್ರ. ಆದರೆ ವಾಹನಗಳು ಗಾಳಿಗೆ ಬಿಡುವ ಸೂಕ್ಷ್ಮ ಕಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮದೇ ಎಂದು ನೀತಿ ಆಯೋಗದ ವರದಿ ಹೇಳುತ್ತದೆ. ಅದನ್ನು ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಮಾರನಹಳ್ಳಿಯ ಏರಿನಲ್ಲಿ ಲೋಡು ಹೊತ್ತ ಲಾರಿಗಳ ಸಾಲಿನ ನಡುವೆ ಎರಡನೇ ಗೇರಿನಲ್ಲಿ ತೆವಳುತ್ತ, ಮುಂದಿನ ಲಾರಿಯ ಹೊಗೆಯನ್ನು ನಾನೂ ನನ್ನ ಹೊಗೆಯನ್ನು ಹಿಂದಿನವನೂ ಕುಡಿಯುತ್ತ ಹತ್ತಿದ ರಾತ್ರಿಗಳಿಗೆ ಲೆಕ್ಕವಿಲ್ಲ. ನನ್ನ ಜೊತೆ ಈ ಕೆಲಸ ಶುರುಮಾಡಿದವರಲ್ಲಿ ಹಲವರಿಗೆ ಐವತ್ತಕ್ಕೆ ಮೊದಲೇ ಕೆಮ್ಮು ಅಂಟಿಕೊಂಡಿತು.

ಹಾಗಾಗಿ ಈ ಪತ್ರ ವಿರೋಧಿಯೊಬ್ಬನ ಪತ್ರವಲ್ಲ. ಹೊಗೆಯಿಲ್ಲದ ಲಾರಿಯನ್ನು ಓಡಿಸಿ ನೋಡಬೇಕೆಂದು ಆಸೆಪಡುವ, ಆದರೆ ಈಗ ಇರುವ ವ್ಯವಸ್ಥೆಯಲ್ಲಿ ಅದರ ಹತ್ತಿರಕ್ಕೂ ಹೋಗಲಾಗದ ಒಬ್ಬ ಸಣ್ಣ ಮಾಲೀಕನದು.

ಆ ಪ್ರಕಟಣೆ ಬಂದ ವಾರವೇ ನಾನೂ ನನ್ನ ಹೆಂಡತಿಯೂ ಲೆಕ್ಕಕ್ಕೆ ಕೂತೆವು. ನಮ್ಮ ಬಾಡಿಗೆಯ ಲೆಕ್ಕ ಬರೆಯುವವಳು ಅವಳೇ. ಹತ್ತು ಚಕ್ರದ ಲಾರಿ ಲೋಡಿನಲ್ಲಿ ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಟ್ಟರೆ ಅದು ಒಳ್ಳೆಯ ದಿನ. 2025ರ ಏಪ್ರಿಲ್ 1ರಿಂದ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 18.44ರಿಂದ ಶೇ 21.17ಕ್ಕೆ ಏರಿಸಿದಾಗ ದರ ಲೀಟರಿಗೆ ಎರಡು ರೂಪಾಯಿ ಹೆಚ್ಚಿ 91 ದಾಟಿತು. ಆ ತಿಂಗಳ ಮಧ್ಯದಲ್ಲಿ ನಡೆದ ಲಾರಿ ಮುಷ್ಕರ ಸಾರಿಗೆ ಸಚಿವರಿಗೆ ನೆನಪಿರಬಹುದು. 91 ರೂಪಾಯಿಯ ಡೀಸೆಲ್‌ನಲ್ಲಿ ಕಿಲೋಮೀಟರಿಗೆ ಇಪ್ಪತ್ತಮೂರು ರೂಪಾಯಿ ಎಂಜಿನ್ನಿನ ಬಾಯಿಗೇ ಹೋಗುತ್ತದೆ, ಘಟ್ಟದಲ್ಲಿ ಇನ್ನೂ ಹೆಚ್ಚು. ಅದೇ ತೂಕದ ವಿದ್ಯುತ್ ಲಾರಿ ಕಿಲೋಮೀಟರಿಗೆ ಒಂದೂಕಾಲು ಯೂನಿಟ್ ತಿನ್ನುತ್ತದೆ ಎಂದಿಟ್ಟುಕೊಂಡು, ಯೂನಿಟ್ಟಿಗೆ ಹತ್ತು ರೂಪಾಯಿ ಎಂದು ಹಿಡಿದರೂ ಹನ್ನೆರಡೂವರೆ ರೂಪಾಯಿಗೆ ಕೆಲಸ ಮುಗಿಯುತ್ತದೆ. ತಿಂಗಳಿಗೆ ಆರು ಸಾವಿರ ಕಿಲೋಮೀಟರ್ ಓಡುವ ಲಾರಿಗೆ ಅರವತ್ತು ಸಾವಿರ ರೂಪಾಯಿಯ ಉಳಿತಾಯ. ಹೆಂಡತಿ ಲೆಕ್ಕವನ್ನು ಎರಡು ಸಲ ಕೂಡಿಸಿ ನೋಡಿದಳು.

ಆಮೇಲೆ ಲಾರಿಯ ಬೆಲೆ ವಿಚಾರಿಸಿದೆವು. ಡೀಸೆಲ್ ಲಾರಿಯ ಎರಡರಿಂದ ಮೂರು ಪಟ್ಟು. ತಮ್ಮ ಪ್ರೋತ್ಸಾಹಧನವನ್ನು ಕಳೆದ ಮೇಲೂ ಉಳಿಯುವ ವ್ಯತ್ಯಾಸ ನನ್ನಂಥವನ ಕೈಗೆ ನಿಲುಕುವುದಲ್ಲ. ಅದೇ ವರ್ಷದ ಸೆಪ್ಟೆಂಬರ್ 22ರಿಂದ ಸರಕು ಸಾಗಣೆ ವಾಹನಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದು ಡೀಸೆಲ್ ಲಾರಿ ಇನ್ನಷ್ಟು ಅಗ್ಗವಾಯಿತು. ಅದರಿಂದ ನಮಗೆ ಅನುಕೂಲವೇ ಆಯಿತು, ಆದರೆ ಎರಡು ಬೆಲೆಗಳ ನಡುವಿನ ಅಂತರ ಮತ್ತೂ ಹಿಗ್ಗಿತು.

ಸಾಲ ಕೇಳಲು ಹೋದೆ. ಯಾವ ಬ್ಯಾಂಕು ಎಂಬುದು ಮುಖ್ಯವಲ್ಲ, ಎಲ್ಲಿಗೆ ಹೋಗಿದ್ದರೂ ಅದೇ ಉತ್ತರ ಸಿಗುತ್ತಿತ್ತು ಎಂದು ನಂಬಿದ್ದೇನೆ. ಅಧಿಕಾರಿ ಒಳ್ಳೆಯವರು, ಕೂರಿಸಿ ಮಾತನಾಡಿದರು. “ಐದು ವರ್ಷ ಆದ ಮೇಲೆ ಈ ಗಾಡಿ ಎಷ್ಟಕ್ಕೆ ಮಾರಾಟ ಆಗುತ್ತದೆ ಎಂದು ಹೇಳುವವರು ಯಾರೂ ಇಲ್ಲ, ಯಾವ ಧೈರ್ಯದ ಮೇಲೆ ಸಾಲ ಕೊಡಲಿ?” ಎಂದರು. ಅವರ ಪ್ರಶ್ನೆ ತಪ್ಪಲ್ಲ. ಹಳೆಯ ಡೀಸೆಲ್ ಲಾರಿಗೆ ಊರೂರಿನಲ್ಲಿ ಕೊಳ್ಳುವವರಿದ್ದಾರೆ. ಹಳೆಯ ವಿದ್ಯುತ್ ಲಾರಿಗೆ ಇನ್ನೂ ಸಂತೆಯೇ ಕೂಡಿಲ್ಲ. ಆದರೆ ತಮ್ಮ ಯೋಜನೆಯಲ್ಲೇ ಒಂದು ಷರತ್ತಿದೆ: ಲಾರಿ ತಯಾರಿಸುವ ಕಂಪನಿ ಬ್ಯಾಟರಿಗೆ ಐದು ವರ್ಷ ಅಥವಾ ಐದು ಲಕ್ಷ ಕಿಲೋಮೀಟರ್ ವಾರಂಟಿ ಕೊಡಲೇಬೇಕು. ಸಾಲದ ಕಂತೂ ಅರವತ್ತು ತಿಂಗಳು, ವಾರಂಟಿಯೂ ಅರವತ್ತು ತಿಂಗಳು. ಸಾಲ ತೀರುವವರೆಗೆ ಬ್ಯಾಟರಿಯ ಹೊಣೆ ಕಂಪನಿಯದೇ ಎಂದಾದರೆ ಬ್ಯಾಂಕು ಹೆದರಬೇಕಾದದ್ದು ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಈ ಷರತ್ತಿನ ವಿಷಯ ಆ ಅಧಿಕಾರಿಗೆ ಗೊತ್ತೇ ಇರಲಿಲ್ಲ. ಯೋಜನೆ ರೂಪಿಸಿದವರು ಜಿಲ್ಲಾ ಮಟ್ಟದ ಶಾಖೆಗಳವರೆಗೆ ಅದನ್ನು ತಲುಪಿಸಬೇಕಿತ್ತು.

ಇನ್ನು ಗುಜರಿಯ ಮಾತು. ಪ್ರೋತ್ಸಾಹಧನ ಬೇಕಾದರೆ ಹಳೆಯ ಡೀಸೆಲ್ ಲಾರಿಯನ್ನು ಗುಜರಿಗೆ ಹಾಕಿದ ಪ್ರಮಾಣಪತ್ರ ಬೇಕು. ಉದ್ದೇಶ ಸರಿಯಾದದ್ದೇ, ಹೊಸದು ಬಂದಾಗ ಹಳೆಯದು ರಸ್ತೆಯಿಂದ ಹೋಗಬೇಕು. ಆದರೆ ನೂರು ಲಾರಿ ಇರುವ ಕಂಪನಿಯ ಅಂಗಳದ ಮೂಲೆಯಲ್ಲಿ ಅಂಥವು ನಾಲ್ಕಾರು ನಿಂತಿರುತ್ತವೆ. ಎರಡೇ ಲಾರಿ ಇರುವವನ ಹಳೆಯ ಲಾರಿ ಎಂದರೆ ಇವತ್ತು ರಾತ್ರಿ ಲೋಡಿಗೆ ಹೋಗಬೇಕಾದ ಲಾರಿ. ಹೊಸದು ಕೈಗೆ ಬಂದು, ಆರು ತಿಂಗಳು ಓಡಿ, ಅದು ಅನ್ನ ಹುಟ್ಟಿಸುತ್ತದೆ ಎಂದು ಖಾತ್ರಿಯಾದ ಮೇಲೆ ಹಳೆಯದನ್ನು ಒಪ್ಪಿಸಲು ಅವಕಾಶ ಕೊಡಿ. ಐದಕ್ಕಿಂತ ಕಡಿಮೆ ಲಾರಿ ಇರುವವರಿಗಷ್ಟೇ ಈ ಸಡಿಲಿಕೆ ಸಾಕು.

ಹಣದ ಮಾತು ಇಲ್ಲಿಗೆ ಬಿಡುತ್ತೇನೆ. ಪತ್ರ ಬರೆಯಲು ಕೂತದ್ದು ಇನ್ನೊಂದು ವಿಷಯಕ್ಕೆ. ಅದು ಕಾಯುವಿಕೆ.

ಲಾರಿಯವನ ಬದುಕು ಓಡುವುದರಲ್ಲಿದೆ ಎಂದು ಹೊರಗಿನವರು ತಿಳಿಯುತ್ತಾರೆ. ನಮ್ಮ ಆಯುಷ್ಯ ಸವೆಯುವುದು ನಿಲ್ಲುವುದರಲ್ಲಿ. ಒಂದು ತಿಂಗಳು ನಾನು ಟ್ರಿಪ್ ಪುಸ್ತಕದ ಪಕ್ಕದಲ್ಲೇ ನಿಂತ ಗಂಟೆಗಳನ್ನು ಬರೆದಿಟ್ಟೆ. ಬಂದರಿನ ಗೋದಾಮಿನ ಮುಂದೆ ಸರದಿಗಾಗಿ ನಿಂತದ್ದು, ತೂಕದ ಸೇತುವೆಯ ಮುಂದೆ ನಿಂತದ್ದು, ಹಮಾಲರು ಬರುವವರೆಗೆ ನಿಂತದ್ದು, ಎಪಿಎಂಸಿಯಲ್ಲಿ ಹರಾಜು ಮುಗಿಯುವವರೆಗೆ ನಿಂತದ್ದು, ನಗರದೊಳಗೆ ಭಾರಿ ವಾಹನಗಳಿಗೆ ಪ್ರವೇಶವಿಲ್ಲದ ಹೊತ್ತಿನಲ್ಲಿ ನೆಲಮಂಗಲದ ಹೊರಗೆ ರಸ್ತೆಯಂಚಿನಲ್ಲಿ ನಿಂತದ್ದು. ತಿಂಗಳ ಕೊನೆಗೆ ಕೂಡಿಸಿದಾಗ ಓಡಿದ ಗಂಟೆಗಳಿಗಿಂತ ನಿಂತ ಗಂಟೆಗಳೇ ಹೆಚ್ಚಾಗಿದ್ದವು. ಪಣಂಬೂರಿನಲ್ಲಿ ನಾಲ್ಕು ತಾಸಿಗಿಂತ ಕಡಿಮೆ ನಿಂತ ಟ್ರಿಪ್ ಆ ತಿಂಗಳು ಒಂದೂ ಇರಲಿಲ್ಲ.

ಎಲೆಕ್ಟ್ರಿಕ್ ಲಾರಿಯ ಮಾತೆತ್ತಿದರೆ ಎಲ್ಲರೂ ಮೊದಲು ಕೇಳುವುದು “ಚಾರ್ಜ್ ಆಗಲು ಎಷ್ಟು ಹೊತ್ತು ನಿಲ್ಲಬೇಕು?” ಎಂದು. ನಾವು ಈಗಾಗಲೇ ನಿಂತಿದ್ದೇವೆ! ಹಾಸನದಿಂದ ಪಣಂಬೂರಿಗೆ ಬೇಕಾಗುವುದು ನನ್ನ ಲೆಕ್ಕದಲ್ಲಿ 225 ಯೂನಿಟ್ ಸುತ್ತಮುತ್ತ. 120 ಕಿಲೋವಾಟ್‌ನ ಚಾರ್ಜರ್ ಅದನ್ನು ಎರಡು ತಾಸಿನಲ್ಲಿ ತುಂಬುತ್ತದೆ. ನಾಲ್ಕು ತಾಸು ನಿಲ್ಲುವ ಜಾಗದಲ್ಲಿ ಎರಡು ತಾಸಿನ ಚಾರ್ಜರ್ ಇದ್ದರೆ ಲಾರಿಯ ಒಂದು ನಿಮಿಷವೂ ವ್ಯರ್ಥವಾಗುವುದಿಲ್ಲ. ನೂರೆಂಬತ್ತು ಕಿಲೋಮೀಟರ್ ಹೋಗುವುದು, ಕಾಯುವುದು, ನೂರೆಂಬತ್ತು ಕಿಲೋಮೀಟರ್ ಬರುವುದು: ನಮ್ಮ ಕೆಲಸದ ಲಯವೇ ಇದು. ದೆಹಲಿಯಿಂದ ಚೆನ್ನೈಗೆ ಹೋಗುವ ಲಾರಿಗೆ ಇದು ಹೊಂದದಿರಬಹುದು. ಜಿಲ್ಲೆಯಿಂದ ಜಿಲ್ಲೆಗೆ, ಬಂದರಿನಿಂದ ಬಯಲುಸೀಮೆಗೆ ಹೇಳಿ ಮಾಡಿಸಿದಂತಿದೆ.

ಆದರೆ ಇವತ್ತು ಚಾರ್ಜರ್‌ಗಳು ಎಲ್ಲಿವೆ? ಹೆದ್ದಾರಿಯ ಹೋಟೆಲುಗಳ ಅಂಗಳದಲ್ಲಿ, ಮಾಲ್‌ಗಳ ನೆಲಮಾಳಿಗೆಯಲ್ಲಿ. ಅವು ಕಾರಿನ ಅಳತೆಗೆ ಮಾಡಿದವು. ಹತ್ತು ಚಕ್ರದ ಲಾರಿ ಅಲ್ಲಿಗೆ ನುಗ್ಗಿದರೆ ಮೇಲಿನ ಚಪ್ಪರಕ್ಕೆ ಬಾಡಿ ತಗಲುತ್ತದೆ, ರಿವರ್ಸ್ ತೆಗೆಯಲು ಜಾಗವಿರುವುದಿಲ್ಲ, ಕೇಬಲ್ ಮೊಳದಷ್ಟು ಸಾಲದೆ ಹೋಗುತ್ತದೆ. ಲಾರಿಗೆ ಬೇಕಾದದ್ದು ಒಂದು ಕಡೆಯಿಂದ ಒಳಬಂದು ಇನ್ನೊಂದು ಕಡೆಯಿಂದ ಹೊರಹೋಗುವ ಅಂಗಳ. ಅಲ್ಲಿ ಒಂದಿಷ್ಟು ನೆರಳು, ಕುಡಿಯುವ ನೀರು, ಶೌಚಾಲಯ. ಚಾಲಕನೂ ಆ ಎರಡು ತಾಸು ಮಲಗಲಿ.

ಅಂಥ ಅಂಗಳಗಳು ಸರ್ಕಾರದ ಕೈಯಲ್ಲೇ ಇವೆ, ಹೊಸದಾಗಿ ಜಮೀನು ಹುಡುಕಬೇಕಾಗಿಲ್ಲ. ಎಪಿಎಂಸಿ ಪ್ರಾಂಗಣಗಳಿವೆ. ಲಾರಿಗಳಿಗೆಂದೇ ಸ್ಥಾಪಿಸಿದ ಡಿ. ದೇವರಾಜ ಅರಸು ಟ್ರಕ್ ಟರ್ಮಿನಲ್ಸ್ ಎಂಬ ಸರ್ಕಾರಿ ಸಂಸ್ಥೆ ಇದೆ, ಯಶವಂತಪುರದಂಥ ಕಡೆ ಅದರ ಟರ್ಮಿನಲ್ ಇದೆ. ಪಣಂಬೂರಿನಲ್ಲಿ ನವಮಂಗಳೂರು ಬಂದರಿನ ಅಂಗಳವಿದೆ. 2023ರ ‘ಹರಿತ ಸಾಗರ’ ಮಾರ್ಗಸೂಚಿಯಲ್ಲಿ ಕೇಂದ್ರ ಸರ್ಕಾರ ಬಂದರುಗಳ ಯಂತ್ರ, ವಾಹನಗಳಲ್ಲಿ ಅರ್ಧದಷ್ಟನ್ನು 2030ರೊಳಗೆ ವಿದ್ಯುತ್ತಿಗೆ ಬದಲಿಸುವ ಗುರಿ ಇಟ್ಟಿದೆ. ಮುಂಬೈ ಬಳಿಯ ನವಾ ಶೇವಾದ ಜವಾಹರಲಾಲ್ ನೆಹರೂ ಬಂದರಿನಲ್ಲಿ 2025ರ ಸೆಪ್ಟೆಂಬರಿನಲ್ಲಿ ವಿದ್ಯುತ್ ಲಾರಿಗಳ ತಂಡವನ್ನೇ ಕೆಲಸಕ್ಕೆ ಇಳಿಸಿದರು. ಖಾಲಿಯಾದ ಬ್ಯಾಟರಿ ತೆಗೆದು ತುಂಬಿದ್ದನ್ನು ಕೂರಿಸುವ ಏರ್ಪಾಡೂ ಅಲ್ಲಿದೆ. ಪಣಂಬೂರಿನಲ್ಲಿ ಯಾಕಾಗಬಾರದು? ನವಾ ಶೇವಾದಷ್ಟು ದೊಡ್ಡದು ಬೇಡ. ಸರದಿ ನಿಲ್ಲುವ ಅಂಗಳದಲ್ಲಿ ಹತ್ತು ಚಾರ್ಜರ್, ಹಾಸನದ ಎಪಿಎಂಸಿಯಲ್ಲಿ ಆರು, ನೆಲಮಂಗಲದ ಆಸುಪಾಸಿನಲ್ಲಿ ಹತ್ತು. ಮೊದಲ ವರ್ಷಕ್ಕೆ ಒಂದು ಹೆದ್ದಾರಿಗೆ ಇಷ್ಟು ಸಾಕು.

ಇದರಲ್ಲಿ ಇನ್ನೊಂದು ಅನುಕೂಲ ಅಡಗಿದೆ. ನಮ್ಮ ಕಾಯುವಿಕೆಯ ಬಹುಪಾಲು ಹಗಲಿನದು. ಲೋಡು ಇಳಿಸುವುದು ಹಗಲು, ಓಡುವುದು ರಾತ್ರಿ. ಪಾವಗಡದಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಕಟ್ಟಿದ ರಾಜ್ಯ ನಮ್ಮದು. ಬಿಸಿಲಿನ ವಿದ್ಯುತ್ತು ಧಾರಾಳವಾಗಿ ಹುಟ್ಟುವುದು ನಡುಹಗಲಿನಲ್ಲಿ, ನಾವು ಎಪಿಎಂಸಿಯ ಬೇವಿನ ಮರದ ಕೆಳಗೆ ಟಾರ್ಪಾಲು ಬಿಚ್ಚಿ ಕಾಯುವುದೂ ನಡುಹಗಲಿನಲ್ಲೇ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಲಾರಿ ಚಾರ್ಜಿಂಗ್‌ಗೆ ಕಡಿಮೆ ದರ ನಿಗದಿ ಮಾಡಿದರೆ ವಿದ್ಯುತ್ ಕಂಪನಿಗೂ ಒಳಿತು, ನಮಗೂ ಒಳಿತು. ಒಂದೇ ಹೆದ್ದಾರಿಯಲ್ಲಿ ನಾನು ಮೆಸ್ಕಾಂ, ಸೆಸ್ಕ್, ಬೆಸ್ಕಾಂ ಮೂರೂ ವಿದ್ಯುತ್ ಕಂಪನಿಗಳ ಸೀಮೆ ದಾಟುತ್ತೇನೆ. ಮೂರಕ್ಕೂ ಒಂದೇ ದರ, ಒಂದೇ ಕಾರ್ಡು ಇರಲಿ. ಹತ್ತು ಚಾರ್ಜರ್ ಒಟ್ಟಿಗೆ ಓಡಬೇಕಾದರೆ 1.2 ಮೆಗಾವಾಟ್ ಬೇಕು, ಅದಕ್ಕೆ ಪ್ರತ್ಯೇಕ ಲೈನು, ಟ್ರಾನ್ಸ್‌ಫಾರ್ಮರ್ ಎಲ್ಲ ಬೇಕು. ಈ ಕೆಲಸಕ್ಕೆ ತಿಂಗಳುಗಳು ಹಿಡಿಯುತ್ತವೆ. ಲಾರಿ ಬಂದ ಮೇಲೆ ಲೈನು ಎಳೆಯೋಣ ಎಂದರೆ ಲಾರಿ ಬರುವುದಿಲ್ಲ.

ತೆರಿಗೆಯ ಒಂದು ಗಂಟನ್ನೂ ಬಿಡಿಸಬೇಕು. ಮನೆಯಲ್ಲಿ ಬಲ್ಬು ಉರಿಸಿದರೆ ವಿದ್ಯುತ್ತಿಗೆ ಜಿಎಸ್‌ಟಿ ಇಲ್ಲ. ಅದೇ ವಿದ್ಯುತ್ತು ಚಾರ್ಜಿಂಗ್ ಕೇಂದ್ರದ ಮೂಲಕ ಲಾರಿಗೆ ಹರಿದರೆ ಸೇವೆ ಎನಿಸಿಕೊಂಡು ಶೇ 18ರಷ್ಟು ಜಿಎಸ್‌ಟಿ ಬೀಳುತ್ತದೆ. ನಮ್ಮ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮವೇ ಕೇಳಿದ್ದ ಪ್ರಶ್ನೆಗೆ 2023ರಲ್ಲಿ ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರ ಹೀಗೆಂದೇ ಉತ್ತರ ಕೊಟ್ಟಿತು. ದೊಡ್ಡ ಕಂಪನಿಗಳು ಈ ತೆರಿಗೆಯನ್ನು ಬೇರೆ ಕಡೆ ಸರಿದೂಗಿಸಿಕೊಳ್ಳಬಹುದು. ನನ್ನಂಥವನಿಗೆ ಅದು ಕೈಯಿಂದ ಹೋಗುವ ದುಡ್ಡು. ಜಿಎಸ್‌ಟಿ ಮಂಡಳಿಯಲ್ಲಿ ಕೇಂದ್ರವೂ ಕೂರುತ್ತದೆ, ರಾಜ್ಯವೂ ಕೂರುತ್ತದೆ. ತಾವಿಬ್ಬರೂ ತಮ್ಮ ತಮ್ಮ ಹಣಕಾಸು ಇಲಾಖೆಗಳಿಗೆ ಈ ಮಾತು ಮುಟ್ಟಿಸಬೇಕು.

ಘಟ್ಟದ ಬಗ್ಗೆ ಹೇಳದೆ ಹೇಗಿರಲಿ. ಬ್ಯಾಟರಿ ಲಾರಿ ಘಟ್ಟ ಹತ್ತುವುದಿಲ್ಲ ಎಂದು ನಮ್ಮ ಸ್ಟ್ಯಾಂಡಿನಲ್ಲಿ ಈಗಲೂ ವಾದ ಮಾಡುವವರಿದ್ದಾರೆ. ನಾನು ಅವರಿಗೆ ಕೆಎಸ್‌ಆರ್‌ಟಿಸಿಯ ಎಲೆಕ್ಟ್ರಿಕ್ ಬಸ್ಸನ್ನು ತೋರಿಸುತ್ತೇನೆ. 2023ರಿಂದ ಅದು ಬೆಂಗಳೂರಿನಿಂದ ಜನರನ್ನು ತುಂಬಿಕೊಂಡು ಮಡಿಕೇರಿ ಹತ್ತುತ್ತಿದೆ. ಇಳಿಯುವಾಗಿನ ಲೆಕ್ಕ ಇನ್ನೂ ಸೊಗಸು. ಸಕಲೇಶಪುರದಿಂದ ಗುಂಡ್ಯಕ್ಕೆ ಏಳೆಂಟು ನೂರು ಮೀಟರ್ ಇಳಿತವಿದೆ. ನಮ್ಮ ಲಾರಿಯ ಒಟ್ಟು ತೂಕದ ಮಿತಿ 28.5 ಟನ್. ಅಷ್ಟು ತೂಕ ಅಷ್ಟು ಎತ್ತರದಿಂದ ಇಳಿಯುವಾಗ ಐವತ್ತು ಯೂನಿಟ್ಟಿಗೂ ಹೆಚ್ಚಿನ ಶಕ್ತಿ ಬಿಡುಗಡೆಯಾಗುತ್ತದೆ. ಡೀಸೆಲ್ ಲಾರಿಯಲ್ಲಿ ಅದೆಲ್ಲ ಬ್ರೇಕ್ ಡ್ರಮ್ಮಿನಲ್ಲಿ ಸುಟ್ಟುಹೋಗುತ್ತದೆ. ಗುಂಡ್ಯ ತಲುಪಿದಾಗ ಚಕ್ರದ ಬಳಿ ಕೈ ಹಿಡಿದರೆ ಬಿಸಿ ಮುಖಕ್ಕೆ ಹೊಡೆಯುತ್ತದೆ, ಲೈನರ್ ಸುಟ್ಟ ವಾಸನೆ ಊಟ ಮಾಡುವಾಗಲೂ ಮೂಗಿನಲ್ಲಿರುತ್ತದೆ. ವಿದ್ಯುತ್ ಲಾರಿಯ ಮೋಟಾರು ಇಳಿಜಾರಿನಲ್ಲಿ ತಾನೇ ಬ್ರೇಕಾಗಿ, ಅದರಲ್ಲಿ ಅರ್ಧದಷ್ಟನ್ನು ಬ್ಯಾಟರಿಗೆ ಮರಳಿಸಿದರೂ ಮುಂದೆ ಇಪ್ಪತ್ತು ಕಿಲೋಮೀಟರ್ ಪುಕ್ಕಟೆ ಓಡಬಹುದು. ಬ್ರೇಕ್ ಸೋತು ಕಂದಕಕ್ಕೆ ಹೋದ ಲಾರಿಗಳನ್ನು ನಾನು ಆ ರಸ್ತೆಯಲ್ಲಿ ನೋಡಿದ್ದೇನೆ, ಅವುಗಳಲ್ಲಿ ಒಂದರ ಚಾಲಕ ನನಗೆ ಕೆಲಸ ಕಲಿಸಿದವರು. ಆದ್ದರಿಂದ ಈ ಲೆಕ್ಕ ನನಗೆ ಬರೀ ಯೂನಿಟ್ಟಿನದಲ್ಲ.

ಭಯವೂ ಇದೆ, ಮುಚ್ಚಿಡುವುದಿಲ್ಲ. 2024ರ ಜುಲೈನಲ್ಲಿ ದೊಡ್ಡತಪ್ಪಲು ಬಳಿ ಗುಡ್ಡ ಕುಸಿದು ಶಿರಾಡಿ ಬಂದ್ ಆದಾಗ ನೂರಾರು ವಾಹನ ನಡುದಾರಿಯಲ್ಲಿ ಸಿಕ್ಕಿಕೊಂಡವು. ನಿಂತಿದ್ದಾಗ ವಿದ್ಯುತ್ ಲಾರಿಯ ಮೋಟಾರು ಏನೂ ತಿನ್ನುವುದಿಲ್ಲ ಎಂಬುದು ನಿಜ. ಆದರೆ ಹಿಂದಿರುಗಿ ಬೇರೆ ದಾರಿ ಹಿಡಿಯಬೇಕಾಗಿ ಬಂದು, ನೂರು ಕಿಲೋಮೀಟರ್ ಹೆಚ್ಚಾದರೆ? ಡೀಸೆಲ್ಲಾದರೆ ಕ್ಯಾನಿನಲ್ಲಿ ತಂದು ಸುರಿದುಕೊಳ್ಳುತ್ತೇವೆ. ಸಕಲೇಶಪುರದಲ್ಲೂ ಗುಂಡ್ಯದಲ್ಲೂ, ಅಂದರೆ ಘಟ್ಟದ ತಲೆಯಲ್ಲೂ ಬುಡದಲ್ಲೂ, ಲಾರಿಗೆ ತಕ್ಕ ಒಂದೆರಡು ಚಾರ್ಜರ್ ಇಡಲೇಬೇಕು. ದಿನಾ ಬಳಕೆಯಾಗದಿದ್ದರೂ ಅವಿವೆ ಎಂಬ ಧೈರ್ಯದ ಮೇಲೆ ನಾವು ಹೊರಡುತ್ತೇವೆ.

ತೂಕದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಬ್ಯಾಟರಿ ಭಾರವಾದದ್ದು, ಬಾಡಿಗೆ ಟನ್ನಿನ ಲೆಕ್ಕದ್ದು. ಲಾರಿ ತಾನೇ ಒಂದೆರಡು ಟನ್ ಹೆಚ್ಚು ತೂಗಿದರೆ ಅಷ್ಟು ಬಾಡಿಗೆ ಪ್ರತಿ ಟ್ರಿಪ್ಪಿನಲ್ಲೂ ಕಡಿತವಾಗುತ್ತದೆ. ಯುರೋಪಿನಲ್ಲಿ 2019ರಲ್ಲೇ ಹೊಗೆಯಿಲ್ಲದ ಲಾರಿಗಳಿಗೆ ಎರಡು ಟನ್ ಹೆಚ್ಚುವರಿ ಮಿತಿ ಕೊಟ್ಟರು. ನಮ್ಮ ರಸ್ತೆ, ಸೇತುವೆಗಳು ಎಷ್ಟು ತಡೆದಾವು ಎಂಬುದನ್ನು ಎಂಜಿನಿಯರುಗಳು ಹೇಳಲಿ; ಆದರೆ ಆ ಪ್ರಶ್ನೆಯನ್ನು ಅವರ ಮುಂದಿಡಿ.

ಕೇಂದ್ರ ಸಚಿವರಿಗೆ ವಿಶೇಷವಾಗಿ ಒಂದು ಮಾತು. ಉಕ್ಕು ಖಾತೆಯೂ ತಮ್ಮದೇ. ತಮ್ಮ ಅಧೀನದ ಭಾರತೀಯ ಉಕ್ಕು ಪ್ರಾಧಿಕಾರ (ಸೇಲ್) ಎರಡು ವರ್ಷದಲ್ಲಿ 150 ಎಲೆಕ್ಟ್ರಿಕ್ ಲಾರಿ ಕೊಳ್ಳುವುದಾಗಿಯೂ, ಬಾಡಿಗೆಗೆ ಪಡೆಯುವ ವಾಹನಗಳಲ್ಲಿ ಶೇ 15ರಷ್ಟು ವಿದ್ಯುತ್ತಿನವು ಇರಬೇಕೆಂದೂ ಗುರಿ ಹಾಕಿಕೊಂಡಿದೆ. ಆ ಎರಡನೆಯ ಗುರಿಯಲ್ಲೇ ನಮ್ಮ ಬಾಗಿಲಿದೆ. ಬಾಡಿಗೆಯ ಕರಾರಿನಲ್ಲಿ ಒಂದು ಪಾಲನ್ನು ಸಣ್ಣ ಮಾಲೀಕರಿಗೆ ಮೀಸಲಿಡಿ. ಭದ್ರಾವತಿಯ ವಿಶ್ವೇಶ್ವರಯ್ಯ ಉಕ್ಕಿನ ಕಾರ್ಖಾನೆಯಲ್ಲಿ, ಪಣಂಬೂರಿನಲ್ಲಿರುವ ಕಬ್ಬಿಣದ ಅದಿರಿನ ಕಂಪನಿ ಕೆಐಒಸಿಎಲ್‌ನಲ್ಲಿ ಇದನ್ನು ಶುರು ಮಾಡಬಹುದು, ಎರಡೂ ತಮ್ಮ ಸಚಿವಾಲಯಕ್ಕೇ ಸೇರಿದವು. “ಐದು ವರ್ಷ, ತಿಂಗಳಿಗೆ ಇಷ್ಟು ಕಿಲೋಮೀಟರ್ ಖಾತ್ರಿ” ಎಂಬ ಒಂದು ಕಾಗದ ನನ್ನ ಕೈಯಲ್ಲಿದ್ದರೆ ನಾನು ಅದೇ ಬ್ಯಾಂಕಿಗೆ ಹೋಗಿ ಅದೇ ಅಧಿಕಾರಿಯ ಮುಂದೆ ಕೂರುತ್ತೇನೆ. ಅವರ ಪ್ರಶ್ನೆಗೆ ಆಗ ಉತ್ತರವಿರುತ್ತದೆ. ಪ್ರೋತ್ಸಾಹಧನಕ್ಕಿಂತ ಆ ಕಾಗದ ದೊಡ್ಡದು.

ಚಾಲಕರನ್ನೂ ಮೆಕ್ಯಾನಿಕ್‌ಗಳನ್ನೂ ಮರೆಯಬೇಡಿ. 2025ರ ಅಕ್ಟೋಬರ್‌ನಿಂದ ಹೊಸ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಗಿದೆ. ಕಾಲಡಿಯ ಎಂಜಿನ್ನಿನ ಕಾವಿಗೆ ಅಂಗಾಲು ಬೆಂದ ನಮಗೆ ಅದರ ಬೆಲೆ ಗೊತ್ತು. ಎಂಜಿನ್ನೇ ಇಲ್ಲದ, ಕ್ಲಚ್ ತುಳಿದು ಮಂಡಿ ಸವೆಯದ ಲಾರಿ ಬಂದರೆ ಈಗ ಈ ಕೆಲಸಕ್ಕೆ ಬರಲೊಲ್ಲದ ಹುಡುಗರೂ ಬಂದಾರು. ಆದರೆ ನಮ್ಮ ಊರಿನ ಸ್ಟ್ಯಾಂಡಿನ ಸುತ್ತ ಪಂಪ್ ರಿಪೇರಿ, ನೋಜಲ್ ರಿಪೇರಿ, ಎಂಜಿನ್ ಬೋರಿಂಗ್ ಮಾಡಿಯೇ ಮಕ್ಕಳನ್ನು ಓದಿಸಿದ ಕುಟುಂಬಗಳಿವೆ. ನಡುರಾತ್ರಿ ಫೋನು ಮಾಡಿದರೆ ಮಳೆಯಲ್ಲಿ ಬೈಕ್ ಹತ್ತಿ ಬಂದು ಲಾರಿಯಡಿ ಮಲಗಿದವರು ಅವರು. ಐಟಿಐಗಳಲ್ಲಿ ಅವರಿಗೆ ಸಂಜೆಯ ತರಗತಿ ತೆರೆಯಿರಿ, ಕನ್ನಡದಲ್ಲಿ ಕಲಿಸಿ, ಕಲಿಯುವ ತಿಂಗಳುಗಳಿಗೆ ಒಂದಿಷ್ಟು ಭತ್ಯೆ ಕೊಡಿ. ಹೊಸ ಲಾರಿ ಕೆಟ್ಟು ನಿಂತಾಗ ಕಂಪನಿಯ ಎಂಜಿನಿಯರಿಗಾಗಿ ಮೂರು ದಿನ ಕಾಯುವಂತಾದರೆ ಮತ್ತೆ ಯಾರೂ ಅದನ್ನು ಕೊಳ್ಳುವುದಿಲ್ಲ.

2017ರಲ್ಲಿ ದೇಶದಲ್ಲೇ ಮೊದಲು ವಿದ್ಯುತ್ ವಾಹನ ನೀತಿ ತಂದ ರಾಜ್ಯ ಕರ್ನಾಟಕ. ಚೀನಾದಲ್ಲಿ 2024ರಲ್ಲಿ ಮಾರಾಟವಾದ ಭಾರಿ ಲಾರಿಗಳಲ್ಲಿ ಹತ್ತಕ್ಕೆ ಒಂದಕ್ಕಿಂತ ಹೆಚ್ಚು ವಿದ್ಯುತ್ತಿನಂಥ ಹೊಸ ಇಂಧನದವು. ಅಲ್ಲಿ ಅದು ಗಣಿ, ಬಂದರು, ಕಾರ್ಖಾನೆಗಳ ನಡುವಿನ ಸಣ್ಣ ಸಣ್ಣ ದಾರಿಗಳಲ್ಲೇ ಬೇರೂರಿತು. ನಮ್ಮಲ್ಲೂ ಬೆಂಗಳೂರಿನಿಂದ ಪಣಂಬೂರಿನವರೆಗಿನ ಹೆದ್ದಾರಿಯಲ್ಲಿ ಮೊದಲು ಮಾಡಿ ತೋರಿಸಬಹುದು. ಕೇಂದ್ರದ ಬಂದರು, ರಾಜ್ಯದ ಎಪಿಎಂಸಿ, ರಾಜ್ಯದ ವಿದ್ಯುತ್ತು, ಕೇಂದ್ರದ ಪ್ರೋತ್ಸಾಹಧನ: ಒಬ್ಬರು ಮಾಡಿ ಇನ್ನೊಬ್ಬರು ಸುಮ್ಮನಿದ್ದರೆ ಈ ದಾರಿ ಪೂರ್ತಿಯಾಗುವುದಿಲ್ಲ. ತಾವಿಬ್ಬರೂ ಬೇರೆ ಬೇರೆ ಪಕ್ಷದವರು ಎಂಬುದು ನನಗೆ ತಿಳಿದಿದೆ. ಲಾರಿ ಸ್ಟ್ಯಾಂಡಿನಲ್ಲಿ ನಾವೂ ಬೇರೆ ಬೇರೆ ಪಕ್ಷದವರೇ, ಆದರೆ ಘಟ್ಟದಲ್ಲಿ ಒಬ್ಬನ ಲಾರಿ ನಿಂತರೆ ಎಲ್ಲರೂ ಇಳಿದು ಚಕ್ರಕ್ಕೆ ಕಲ್ಲು ಕೊಡುತ್ತೇವೆ.

ನನ್ನ ಹಳೆಯ ಲಾರಿಯ ಕೊನೆಯ ಕಂತು ಬರುವ ಮಾರ್ಚ್‌ನಲ್ಲಿ ತೀರುತ್ತದೆ. ಅದರ ನಂತರ ಇನ್ನೊಂದನ್ನು ಕೊಳ್ಳಲೇಬೇಕು, ಎಂಜಿನ್ ಸೋತಿದೆ. ತಮ್ಮ ಯೋಜನೆ 2028ರ ಮಾರ್ಚ್‌ವರೆಗೆ ಇರುತ್ತದೆ ಎಂದು ಓದಿದ್ದೇನೆ. ಒಮ್ಮೆ ಡೀಸೆಲ್ ಲಾರಿಗೆ ಸಹಿ ಹಾಕಿದರೆ ಮುಂದಿನ ಹತ್ತು ಹನ್ನೆರಡು ವರ್ಷ ನಾನು ಅದರ ಹೊಗೆಯ ಹಿಂದೆಯೇ ಇರುತ್ತೇನೆ. ಆದ್ದರಿಂದ ಮಾರ್ಚ್‌ಗೆ ಮೊದಲು ನನಗೆ ತಿಳಿಯಬೇಕಾದದ್ದು ಇಷ್ಟೇ: ಪಣಂಬೂರಿನ ಸರದಿಯಲ್ಲಿ ನಾನು ನಿಲ್ಲುವ ಜಾಗಕ್ಕೆ ಚಾರ್ಜರ್ ಬರುತ್ತದೆಯೇ, ಬರುವುದಾದರೆ ಯಾವ ತಿಂಗಳು?

ತಮ್ಮ ವಿಶ್ವಾಸಿ,
ಎರಡು ಲಾರಿಗಳ ಮಾಲೀಕ ಮತ್ತು ಚಾಲಕ,
ಹಾಸನ